ಬಟನ್ ಕಾಣದಿದ್ರೆ ತಪ್ಪು ಯಾರದ್ದು? ಆ್ಯಪ್, ಕ್ಯೂಆರ್, ಕೆವೈಸಿ ಎಲ್ಲರ ಕೈಗೂ ಎಟುಕಲೇಬೇಕು

ಬ್ಯಾಂಕ್ ಖಾತೆ ತೆರೆಯೋಕೆ ಹೋದರೆ ಈಗ ಕ್ಯಾಮೆರಾ ಮುಂದೆ ಕೂರಿಸಿ ‘ಕಣ್ಣು ಮಿಟುಕಿಸಿ’ ಅಂತಾರೆ. ಮಿಟುಕಿಸಿದರೆ ಎದುರಿಗಿರೋದು ನಿಜವಾದ ವ್ಯಕ್ತಿ, ಫೋಟೊ ಅಲ್ಲ ಅಂತ ಕಂಪ್ಯೂಟರ್ ಒಪ್ಪಿಕೊಳ್ಳುತ್ತೆ. ಆದರೆ ಆ್ಯಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟುಹೋದವರು ಕಣ್ಣು ಮಿಟುಕಿಸೋದು ಹೇಗೆ? 2023ರಲ್ಲಿ ಪ್ರಜ್ಞಾ ಪ್ರಸೂನ್ ಅವರಿಗೆ ಆಗಿದ್ದು ಇದೇ. ಆ್ಯಸಿಡ್ ದಾಳಿಯಿಂದ ಬದುಕುಳಿದ ಅವರು ಖಾತೆ ತೆರೆಯಲು ಹೋದಾಗ ಇದೊಂದು ಹಂತ ದಾಟಲಾಗದೆ ಕೆಲಸ ನಿಂತಿತು. ಅವರು ಮತ್ತು ಇನ್ನಿತರರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ದೃಷ್ಟಿ ಇಲ್ಲದ ವಕೀಲ ಅಮರ್ ಜೈನ್ ಅವರದ್ದೂ ಒಂದು ಅರ್ಜಿ ಜೊತೆಗೆ ಸೇರಿತು.

2025ರ ಏಪ್ರಿಲ್ 30ರಂದು ತೀರ್ಪು ಬಂತು. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ, ಡಿಜಿಟಲ್ ಸೇವೆ ಪಡೆಯೋದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕೆವೈಸಿ ಎಲ್ಲರಿಗೂ ಆಗುವಂತೆ ಮಾಡಲು 20 ನಿರ್ದೇಶನ ಕೊಟ್ಟಿತು. ಕಣ್ಣು ಮಿಟುಕಿಸೋದಕ್ಕೆ ಬದಲಿ ದಾರಿ ಇರಬೇಕು, ಹೆಬ್ಬೆಟ್ಟಿನ ಗುರುತನ್ನೂ ಒಪ್ಪಬೇಕು, ಕಾಗದದ ಕೆವೈಸಿ ಮುಂದುವರಿಯಬೇಕು, ಕಂಪ್ಯೂಟರ್ ತಿರಸ್ಕರಿಸಿದ ಅರ್ಜಿಯನ್ನು ಒಬ್ಬ ಮನುಷ್ಯ ಮತ್ತೆ ನೋಡಬೇಕು ಅನ್ನೋದು ಅದರಲ್ಲಿ ಮುಖ್ಯವಾದವು. ಅದೇ ವರ್ಷ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಕೂಡ ತನ್ನ ಕೆವೈಸಿ ನಿಯಮ ತಿದ್ದಿ, ಇಂಥ ಪರೀಕ್ಷೆಯಿಂದ ವಿಶೇಷ ಅಗತ್ಯ ಇರೋರು ಹೊರಗುಳಿಯಬಾರದು ಅಂತ ಹೇಳಿತು.

ದೆಹಲಿಯ ತೀರ್ಪಿಗೂ ತಾಲ್ಲೂಕಿನ ಸಂತೆಬೀದಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ನೇರವಾಗೇ ಇದೆ. ಪಿಂಚಣಿ, ಪಡಿತರ, ಪಹಣಿ, ಬೆಳೆ ವಿಮೆ, ಕರೆಂಟ್ ಬಿಲ್, ಅಂಗಡಿಯ ವ್ಯಾಪಾರ ಎಲ್ಲವೂ ಇವತ್ತು ಯಾವುದೋ ಒಂದು ಸ್ಕ್ರೀನ್ ದಾಟಿಯೇ ಬರಬೇಕು. ಆ ಸ್ಕ್ರೀನ್ ಮಾಡಿದವರು ಯಾರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದಾರೆ ಅನ್ನೋದರ ಮೇಲೆ ಯಾರಿಗೆ ಕೆಲಸ ಆಗುತ್ತೆ, ಯಾರಿಗೆ ಆಗಲ್ಲ ಅನ್ನೋದು ನಿಂತಿದೆ.

‘ಅವರಿಗೆ ಗೊತ್ತಾಗಲ್ಲ’ ಅನ್ನೋ ಮಾತು

ಸೇವಾ ಕೇಂದ್ರದ ಮುಂದಾಗಲಿ, ಬ್ಯಾಂಕ್ ಕೌಂಟರ್‌ನಲ್ಲಾಗಲಿ ದಿನಾ ಕೇಳಿಬರುವ ಮಾತು ಒಂದೇ: ‘ವಯಸ್ಸಾದೋರು, ಅವರಿಗೆ ಗೊತ್ತಾಗಲ್ಲ, ಯಾರನ್ನಾದ್ರೂ ಕರ್ಕೊಂಡು ಬನ್ನಿ’. ತಪ್ಪು ಜನರದ್ದೇ ಅಂತ ಇಲ್ಲಿ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತೆ.

ಆದರೆ ಅದೇ ಅಜ್ಜಿ ಸಂತೆಯಲ್ಲಿ ತಕ್ಕಡಿ ಮುಳ್ಳು ನೋಡಿ ತೂಕ ಹೇಳ್ತಾರೆ, ಚೀಟಿ ದುಡ್ಡಿನ ಲೆಕ್ಕ ಬಾಯಲ್ಲೇ ಇಟ್ಕೊಂಡಿರ್ತಾರೆ. ಅವರಿಗೆ ಲೆಕ್ಕ ಗೊತ್ತಿಲ್ಲ ಅನ್ನೋಕಾಗಲ್ಲ. ಗೊತ್ತಾಗದೇ ಇರೋದು ಬಿಳಿ ಹಿನ್ನೆಲೆ ಮೇಲೆ ತೆಳು ಬೂದು ಬಣ್ಣದಲ್ಲಿ ಬರೆದ ಸಣ್ಣ ಇಂಗ್ಲಿಷ್ ಅಕ್ಷರ. ಅಂಗಿ ಗುಂಡಿಗಿಂತ ಚಿಕ್ಕದಾದ ಬಟನ್. ಓದಿ ಮುಗಿಸೋ ಮೊದಲೇ ಸಮಯ ಮುಗಿಯಿತು ಅನ್ನೋ ಒಟಿಪಿ. ಸೊಟ್ಟಂಬಟ್ಟ ಅಕ್ಷರ ತೋರಿಸಿ ‘ಇದೇನು ಟೈಪ್ ಮಾಡಿ’ ಅನ್ನೋ ಕ್ಯಾಪ್ಚಾ.

ಇದಕ್ಕೆ ಬೆಲೆ ತೆರೋದು ಎರಡು ಥರ. ಒಂದು, ನೇರವಾಗಿ ದುಡ್ಡು: ಸ್ವಂತ ಫೋನಿನಲ್ಲೇ ಆಗಬೇಕಾದ ಕೆಲಸಕ್ಕೆ ಬಸ್ ಚಾರ್ಜು, ಸೆಂಟರ್‌ನವರ ಫೀಸು, ಒಂದು ದಿನದ ಕೂಲಿ. ಎರಡನೆಯದು ಇನ್ನೂ ದೊಡ್ಡದು. ಒಟಿಪಿ ಹೇಳಿಬಿಡೋದು, ಪಿನ್ ನಂಬರ್ ಬೇರೆಯವರ ಕೈಗೆ ಕೊಡೋದು, ಫೋನನ್ನೇ ಬಿಟ್ಟು ಬರೋದು. ಯುಪಿಐ ಪಿನ್ ಕೊಡೋದು ಅಂದ್ರೆ ಬೀರುವಿನ ಬೀಗದ ಕೈ ಕೊಟ್ಟ ಹಾಗೆ. ಸಹಾಯ ಮಾಡೋ ಕೈ ಒಳ್ಳೆಯದಾದರೆ ಸರಿ. ಆಗದಿದ್ದರೆ ಖಾತೆ ಖಾಲಿಯಾದ ಮೇಲೆ ಬ್ಯಾಂಕಿನವರು ಕೇಳುವ ಮೊದಲ ಪ್ರಶ್ನೆ ‘ಪಿನ್ ಯಾಕೆ ಹೇಳಿದ್ರಿ?’ ಅನ್ನೋದು. ಪಿನ್ ಹೇಳದೆ ಕೆಲಸ ಆಗದ ಹಾಗೆ ಸ್ಕ್ರೀನ್ ಮಾಡಿದ್ದು ಯಾರು ಅಂತ ಯಾರೂ ಕೇಳಲ್ಲ.

ಎಷ್ಟು ಜನರ ಪ್ರಶ್ನೆ ಇದು?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ವಿಕಲಚೇತನರು 13.24 ಲಕ್ಷ, ದೇಶದಲ್ಲಿ 2.68 ಕೋಟಿ. ಆ ಎಣಿಕೆ ನಡೆದಾಗ ಲೆಕ್ಕಕ್ಕೆ ತಗೊಂಡಿದ್ದು ಎಂಟು ವಿಭಾಗ ಮಾತ್ರ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಈಗ 21 ಬಗೆ ಸೇರಿವೆ. ಅದೇ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರ ಆಸುಪಾಸು. ಅಂದ್ರೆ ಏಳು ವರ್ಷ ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಓದು ಬರಹ ಇರಲಿಲ್ಲ.

ಇವರನ್ನು ಬಿಟ್ಟರೂ ಪಟ್ಟಿ ಮುಗಿಯಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಂಜಾಗೋದು ಹೆಚ್ಚುಕಡಿಮೆ ಎಲ್ಲರಿಗೂ ಆಗೋದೇ. ಕಲ್ಲು ಕೆಲಸ, ಗಾರೆ ಕೆಲಸ ಮಾಡೋರ ಬೆರಳ ಗೆರೆ ಸವೆದು ಪಡಿತರ ಅಂಗಡಿ ಯಂತ್ರಕ್ಕೆ ಹೆಬ್ಬೆಟ್ಟು ಹಿಡಿಯಲ್ಲ. ಮೀನು, ಹೂವು, ತರಕಾರಿ ಮಾರೋರ ಕೈ ಸದಾ ಒದ್ದೆ, ಟಚ್ ಸ್ಕ್ರೀನ್ ಮಾತು ಕೇಳಲ್ಲ. ಮಟಮಟ ಮಧ್ಯಾಹ್ನ ತಳ್ಳುಗಾಡಿ ಹತ್ತಿರ ನಿಂತರೆ ಎಂಥ ಕಣ್ಣಿದ್ದರೂ ಸ್ಕ್ರೀನ್ ಕಾಣಲ್ಲ. ಕೈ ಮುರಿದು ಕಟ್ಟು ಹಾಕಿಸಿಕೊಂಡ ಹುಡುಗನಿಗೂ ಆರು ವಾರ ಇದೇ ಕಷ್ಟ. ಹಾಗಾಗಿ ಇದು ‘ಅವರ’ ಸಮಸ್ಯೆ ಅಂತ ಬದಿಗಿಡೋಕೆ ಬರಲ್ಲ. ಇವತ್ತಲ್ಲ ನಾಳೆ ಎಲ್ಲರೂ ಆ ಸಾಲಲ್ಲಿ ನಿಲ್ಲೋರೇ.

ಮತಯಂತ್ರಕ್ಕೆ ಆಗಿದ್ದು ಆ್ಯಪ್‌ಗೆ ಯಾಕಾಗಲ್ಲ?

‘ಎಲ್ಲರಿಗೂ ಆಗೋ ಥರ ಮಾಡೋಕೆ ಸಾಧ್ಯನಾ?’ ಅನ್ನೋರಿಗೆ ಉತ್ತರ ಪ್ರತಿ ಹಳ್ಳಿಯ ಶಾಲೆ ಕೊಠಡಿಯಲ್ಲೇ ಇದೆ. ಅದು ಮತಯಂತ್ರ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಈ ಯಂತ್ರವನ್ನು ಓದು ಬಾರದವರು, ಮೊದಲ ಸಲ ನೋಡಿದವರು, ತೊಂಬತ್ತು ದಾಟಿದವರು ಎಲ್ಲರೂ ಒತ್ತುತ್ತಾರೆ.

ಇದರ ಹಿಂದೆ ಹಳೆಯ ಯೋಚನೆ ಇದೆ. 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ದೇಶದ ಬಹುಪಾಲು ಮತದಾರರಿಗೆ ಅಕ್ಷರ ಬರ್ತಿರಲಿಲ್ಲ. ಅವರು ಓದು ಕಲಿಯೋವರೆಗೆ ಕಾಯೋಣ ಅಂತ ಚುನಾವಣಾ ಆಯೋಗ ಕೂರಲಿಲ್ಲ. ಚಿಹ್ನೆ ತಂದಿತು, ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟಿತು. ಇವತ್ತಿನ ಯಂತ್ರದಲ್ಲಿ ಒಂದೊಂದು ಸಾಲಿನಲ್ಲಿ ಹೆಸರು, ಫೋಟೊ, ಚಿಹ್ನೆ, ಪಕ್ಕದಲ್ಲೇ ನೀಲಿ ಬಟನ್ ಇದೆ. ಒತ್ತಿದರೆ ಕೆಂಪು ದೀಪ ಹೊತ್ತುತ್ತೆ, ‘ಬೀಪ್’ ಅಂತ ಉದ್ದ ಸದ್ದು ಬರುತ್ತೆ, ವಿವಿಪ್ಯಾಟ್‌ನಲ್ಲಿ ಚೀಟಿ 7 ಸೆಕೆಂಡು ಕಾಣುತ್ತೆ. ಬಟನ್ ಪಕ್ಕ ಬ್ರೈಲ್ ಅಂಕಿಯೂ ಇದೆ. ಓದೋಕೆ ಬರೋರಿಗೆ ಹೆಸರು, ಬಾರದವರಿಗೆ ಚಿಹ್ನೆ, ಕಾಣದವರಿಗೆ ಬ್ರೈಲ್ ಮತ್ತು ಸದ್ದು. ಒಂದೇ ವಿಷಯವನ್ನು ಮೂರ್ನಾಲ್ಕು ದಾರಿಯಲ್ಲಿ ಹೇಳಿದ್ದಾರೆ, ಅಷ್ಟೇ.

ಅದರಲ್ಲೂ ಕೊರತೆ ಇದೆ. ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ ಇರೋದರಿಂದ ದೃಷ್ಟಿ ಇಲ್ಲದವರು ಅದನ್ನು ತಾವೇ ಓದಿ ಖಾತ್ರಿ ಮಾಡ್ಕೊಳ್ಳೋಕಾಗಲ್ಲ. ಆದರೂ ‘ಜನ ಕಲಿತು ಬರಲಿ’ ಅನ್ನದೆ ಜನ ಹೇಗಿದ್ದಾರೋ ಹಾಗೆ ಯಂತ್ರ ಮಾಡಿದ್ದು ಇದರ ಗೆಲುವು. ಕೀಲಿ ಇರೋ ಹಳೆ ಫೋನು, ಎಟಿಎಂಗಳಲ್ಲಿ 5ರ ಮೇಲೆ ಒಂದು ಸಣ್ಣ ಉಬ್ಬು ಚುಕ್ಕಿ ಇರುತ್ತಲ್ಲ, ಅದೂ ಇದೇ ಯೋಚನೆಯದ್ದು. ಆ ಚುಕ್ಕಿ ಬೆರಳಿಗೆ ಸಿಕ್ಕಿದರೆ ಉಳಿದ ಅಂಕಿ ನೋಡದೆಯೇ ಸಿಗುತ್ತೆ. 2014ರ ಜುಲೈ 1ರಿಂದ ಹಾಕುವ ಹೊಸ ಎಟಿಎಂಗಳೆಲ್ಲ ಮಾತಾಡಬೇಕು, ಬ್ರೈಲ್ ಕೀಲಿ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಹೆಡ್‌ಫೋನ್ ಚುಚ್ಚಿದರೆ ಆ ಧ್ವನಿ ಬರುತ್ತಾ ಇಲ್ವಾ ಅಂತ ಊರಿನ ಎಟಿಎಂನಲ್ಲಿ ಯಾರು ಬೇಕಾದರೂ ನೋಡಬಹುದು.

ಸ್ಕ್ರೀನ್ ಬದಲಾದರೆ ವಂಚನೆಯ ದಾರಿಯೂ ಮುಚ್ಚುತ್ತೆ

ಕೆಟ್ಟ ವಿನ್ಯಾಸದಿಂದ ಬರೀ ತಡ ಆಗಲ್ಲ, ದುಡ್ಡೂ ಹೋಗುತ್ತೆ. ಅದಕ್ಕೆ ಸಾಕ್ಷಿ ಯುಪಿಐನ ‘ಕಲೆಕ್ಟ್ ರಿಕ್ವೆಸ್ಟ್’. ವಂಚಕರು ‘ನಿಮಗೆ ದುಡ್ಡು ಕಳಿಸಿದ್ದೀನಿ, ಪಿನ್ ಹಾಕಿ ತಗೊಳ್ಳಿ’ ಅಂತ ಫೋನ್ ಮಾಡೋರು. ಸ್ಕ್ರೀನ್ ಮೇಲೆ ಒಂದು ಮೊತ್ತ, ಒಂದು ಹೆಸರು, ಒಂದು ಬಟನ್ ಬರ್ತಿತ್ತು. ದುಡ್ಡು ಬರ್ತಿದೆಯಾ ಹೋಗ್ತಿದೆಯಾ ಅನ್ನೋದು ಅವಸರದಲ್ಲಿದ್ದವರಿಗೆ ಥಟ್ಟನೆ ಗೊತ್ತಾಗೋ ಹಾಗಿರಲಿಲ್ಲ. ಪಿನ್ ಹಾಕಿದ ಕೂಡಲೇ ಖಾತೆಯಿಂದ ದುಡ್ಡು ಹೋಗೋದು.

‘ದುಡ್ಡು ಪಡೆಯೋಕೆ ಪಿನ್ ಬೇಡ’ ಅಂತ ವರ್ಷಗಟ್ಟಲೆ ಪ್ರಚಾರ ಆಯ್ತು. ಕೊನೆಗೆ ಯುಪಿಐ ನಡೆಸುವ ಎನ್‌ಪಿಸಿಐ, 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಯನ್ನೇ ನಿಲ್ಲಿಸಿತು. ಜನರಿಗೆ ಎಚ್ಚರ ಹೇಳೋದು ಬೇಕೇ ಬೇಕು. ಆದರೆ ಮೋಸಕ್ಕೆ ಅವಕಾಶ ಇರೋ ಬಟನ್ನನ್ನೇ ತೆಗೆದರೆ ಓದಿದವರು, ಓದದವರು ಇಬ್ಬರೂ ಉಳಿಯುತ್ತಾರೆ.

ಬೇಕಂತಲೇ ದಾರಿ ತಪ್ಪಿಸೋ ಸ್ಕ್ರೀನ್‌ಗಳೂ ಇವೆ. ಕೇಳದೆಯೇ ಬುಟ್ಟಿಗೆ ವಿಮೆ ಸೇರಿಸೋದು, ‘ಬೇಡ’ ಅನ್ನೋ ಬಟನ್ ಮರೆಮಾಡೋದು, ಸೇರೋದು ಸುಲಭ ಬಿಡೋದು ಕಷ್ಟ ಅನ್ನೋ ಚಂದಾ. ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ನಿಷೇಧಿಸಿದೆ. ಕಣ್ಣು ಚುರುಕಿಲ್ಲದವರು, ಇಂಗ್ಲಿಷ್ ಬಾರದವರು ಈ ಬಲೆಗೆ ಮೊದಲು ಬೀಳ್ತಾರೆ.

ಅಂಗಡಿಯವರ ಕೈಯಲ್ಲಿರೋದು

ಅಂಗಡಿಯವರಿಗೆ ಒಳ್ಳೆ ವಿನ್ಯಾಸದ ಲಾಭ ಈಗಾಗಲೇ ಗೊತ್ತಿದೆ. ಗಲ್ಲಾಪೆಟ್ಟಿಗೆ ಪಕ್ಕದ ಮಾತಾಡೋ ಡಬ್ಬಿಯನ್ನೇ ನೋಡಿ. ‘ಇಷ್ಟು ರೂಪಾಯಿ ಬಂದಿದೆ’ ಅಂತ ಕನ್ನಡದಲ್ಲಿ ಕೂಗಿದರೆ ಮಾಲೀಕರು ಫೋನ್ ತೆಗೆದು ಎಸ್ಸೆಮ್ಮೆಸ್ ನೋಡಬೇಕಿಲ್ಲ, ಬೋಂಡಾ ಕರಿಯೋ ಕೈ ಒರೆಸಬೇಕಿಲ್ಲ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸೋ ಆಟವೂ ನಡೆಯಲ್ಲ. ಅದೇ ದನಿ ದೃಷ್ಟಿ ಇಲ್ಲದ ಗಿರಾಕಿಗೂ ದುಡ್ಡು ಸೇರಿತು ಅಂತ ಹೇಳುತ್ತೆ. ಒಬ್ಬರ ಅನುಕೂಲಕ್ಕೆ ಮಾಡಿದ್ದು ಹತ್ತು ಜನಕ್ಕೆ ಆಗೋದು ಅಂದ್ರೆ ಇದೇ.

ಇದೇ ಲೆಕ್ಕ ಹಿಡಿದರೆ ಖರ್ಚಿಲ್ಲದೆ ಮಾಡಬಹುದಾದ ಕೆಲಸ ಇನ್ನೂ ಇವೆ.

ಕ್ಯೂಆರ್ ಬೋರ್ಡ್ ತಲೆಗಿಂತ ಮೇಲೆ ತೂಗುಹಾಕಿದರೆ ಗಾಲಿಕುರ್ಚಿಯಲ್ಲಿ ಬಂದವರಿಗೆ, ಕುಳ್ಳಗಿರೋರಿಗೆ ಎಟುಕಲ್ಲ. ಎದೆಮಟ್ಟದಲ್ಲಿ, ಬಿಸಿಲು ಹೊಳೆಯದ ಕಡೆ ಇಟ್ಟರೆ ಎಲ್ಲರಿಗೂ ಸಲೀಸು. ಪಕ್ಕದಲ್ಲಿ ಅಂಗಡಿ ಹೆಸರು, ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಇದ್ದರೆ ಸ್ಕ್ಯಾನ್ ಆಗದಿದ್ದಾಗ ಕೈ ಕೊಡಲ್ಲ.

ಕಾರ್ಡ್ ಯಂತ್ರ ತಗೊಳ್ಳೋವಾಗ ಕೀಲಿ ಇರೋದೋ ಬರೀ ಗಾಜಿನದೋ ಅಂತ ನೋಡಬೇಕು. ಪೂರ್ತಿ ಗಾಜಿನ ಯಂತ್ರದಲ್ಲಿ ಅಂಕಿ ಎಲ್ಲಿದೆ ಅಂತ ಬೆರಳಿಗೆ ತಿಳಿಯಲ್ಲ. ಆಗ ಕಾಣದ ಗಿರಾಕಿ ಪಿನ್ ಅನ್ನು ಬಾಯಿಬಿಟ್ಟು ಹೇಳಬೇಕಾಗುತ್ತೆ. ಕೀಲಿ ಇರೋ ಯಂತ್ರವಾದರೆ 5ರ ಚುಕ್ಕಿ ಹಿಡಿದು ತಾವೇ ಒತ್ತುತ್ತಾರೆ.

ವಾಟ್ಸ್‌ಆ್ಯಪ್‌ನಲ್ಲಿ ದರಪಟ್ಟಿ, ಆಫರ್ ಕಳಿಸೋವಾಗ ಬಣ್ಣಬಣ್ಣದ ಚಿತ್ರ ಮಾತ್ರ ಹಾಕಿದರೆ ಫೋನಿನ ಓದುವ ಸೌಲಭ್ಯಕ್ಕೆ ಅದು ಸರಿಯಾಗಿ ಸಿಗಲ್ಲ. ಕೆಳಗೆ ಎರಡು ಸಾಲು ಟೈಪ್ ಮಾಡಿದರೆ, ಇಲ್ಲಾಂದ್ರೆ ಅರ್ಧ ನಿಮಿಷ ಮಾತಾಡಿ ಧ್ವನಿ ಕಳಿಸಿದರೆ ಓದು ಬಾರದವರಿಗೂ ಮುಟ್ಟುತ್ತೆ. ಹಳದಿ ಮೇಲೆ ಬಿಳಿ, ಕೆಂಪು ಮೇಲೆ ಹಸಿರು ಅಕ್ಷರ ಬೇಡ. ‘ಕೆಂಪು ಇರೋದು ಖಾಲಿ, ಹಸಿರು ಇರೋದು ಸಿಗುತ್ತೆ’ ಅಂತ ಬರೀ ಬಣ್ಣದಲ್ಲಿ ತೋರಿಸಿದರೆ ಬಣ್ಣ ಗುರುತು ಹಿಡಿಯದವರಿಗೆ ಎರಡೂ ಒಂದೇ. ‘ಖಾಲಿ’ ಅಂತ ಅಕ್ಷರದಲ್ಲೇ ಬರೆಯೋದು ವಾಸಿ.

ಕೀಪ್ಯಾಡ್ ಫೋನ್ ಹಿಡಿದು ಬಂದ ಗಿರಾಕಿಗೆ ‘ಇದರಲ್ಲಿ ಆಗಲ್ಲ’ ಅನ್ನೋದೂ ಪೂರ್ತಿ ನಿಜ ಅಲ್ಲ. ಇಂಟರ್ನೆಟ್ ಇಲ್ಲದ ಫೋನಿಗೂ ಯುಪಿಐ ಆಗಲಿ ಅಂತ 2022ರ ಮಾರ್ಚ್‌ನಲ್ಲಿ ‘ಯುಪಿಐ 123ಪೇ’ ಬಂತು. ಕರೆ ಮಾಡಿ ಅಂಕಿ ಒತ್ತೋದು, ಮಿಸ್ಡ್ ಕಾಲ್ ಕೊಡೋದು ಹೀಗೆ ನಾಲ್ಕು ದಾರಿ ಅದರಲ್ಲಿವೆ. ಒಂದು ಸಲದ ಮಿತಿ ಮೊದಲು 5,000 ರೂಪಾಯಿ ಇದ್ದದ್ದು ಈಗ 10,000 ಆಗಿದೆ. ಸೌಲಭ್ಯ ಇದ್ದೂ ಗೊತ್ತಿಲ್ಲದೇ ಹೋದರೆ ಅದು ಇಲ್ಲದ ಹಾಗೇ.

ಕನ್ನಡದ ಕಾಗದವೇ ಕನ್ನಡಿಗರಿಗೆ ಓದಿಸದಿದ್ರೆ?

ಸರ್ಕಾರಿ ಪ್ರಕಟಣೆಗಳ ಕತೆ ಬೇರೆ. ಕಚೇರಿಯಲ್ಲಿ ನೋಟಿಸ್ ಪ್ರಿಂಟ್ ತೆಗೆದು, ಸಹಿ, ಸೀಲು ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ, ಗ್ರೂಪ್‌ಗಳಿಗೆ ಹಾಕ್ತಾರೆ. ಕಣ್ಣಿಗೆ ಅದು ಕನ್ನಡ. ಓದಿ ಹೇಳೋ ಸಾಫ್ಟ್‌ವೇರ್‌ಗೆ ಅದು ಬರೀ ಚಿತ್ರ, ಒಂದಕ್ಷರವೂ ಸಿಗಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತವಾದರೆ ಇನ್ನೂ ವಿಚಿತ್ರ. ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಓದೋ ಯಂತ್ರ ಅದನ್ನೇ ಹಾಗಾಗೇ ಒದರುತ್ತೆ. ಹುಡುಕಿದರೂ ಸಿಗಲ್ಲ, ಫೋನಿನಲ್ಲಿ ತೆರೆದರೆ ಅಕ್ಷರ ಒಡೆದು ಹೋಗುತ್ತೆ.

ಪರಿಹಾರಕ್ಕೆ ಕೋಟಿ ರೂಪಾಯಿಯ ಟೆಂಡರ್ ಬೇಕಿಲ್ಲ. ಸಹಿ ಮಾಡಿದ ಪ್ರತಿಯ ಜೊತೆಗೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಮೂಲ ಪಠ್ಯವನ್ನೂ ಹಾಕಿದರೆ ಸಾಕು. ಕನ್ನಡವನ್ನು ಓದಿ ಹೇಳೋ ಸೌಲಭ್ಯ ಆಂಡ್ರಾಯ್ಡ್ ಫೋನಿನಲ್ಲೇ ಇದೆ. ಕಂಪ್ಯೂಟರ್‌ಗೆ ಎನ್‌ವಿಡಿಎ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಓದೋ ಯಂತ್ರ ಕಾಯ್ತಾ ಕೂತಿದೆ, ಓದೋಕೆ ಸರಿಯಾದ ಅಕ್ಷರ ಕೊಡಬೇಕಷ್ಟೇ.

ಖರ್ಚು, ಭದ್ರತೆ ಅನ್ನೋ ನೆಪ

ಆ್ಯಪ್ ಮಾಡೋ ಕಂಪನಿಗಳು ಕೊಡೋ ಕಾರಣ ಎರಡು. ಮೊದಲನೆಯದು ಖರ್ಚು. ಕಟ್ಟಿದ ಮನೆಗೆ ಆಮೇಲೆ ಇಳಿಜಾರು ದಾರಿ ಮಾಡೋದು ದುಬಾರಿ ನಿಜ. ಪಾಯ ಹಾಕೋವಾಗಲೇ ಲೆಕ್ಕಕ್ಕೆ ತಗೊಂಡರೆ ಹೆಚ್ಚೇನೂ ಆಗಲ್ಲ. ಸ್ಕ್ರೀನ್ ಕತೆಯೂ ಅದೇ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬಣ್ಣದ ಅಂತರ ಇರಬೇಕು, ಪ್ರತಿ ಬಟನ್‌ಗೂ ಓದಿ ಹೇಳೋ ಹೆಸರು ಇರಬೇಕು ಅಂತೆಲ್ಲ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಭಾರತೀಯ ಮಾನಕ ಬ್ಯೂರೊದ ಐಎಸ್ 17802 ಕೂಡ ಇದೆ. ಬಟನ್‌ಗೆ ಹೆಸರು ಬರೆಯದೇ ಬಿಟ್ಟರೆ ಫೋನು ‘ಬಟನ್, ಬಟನ್’ ಅಂತಷ್ಟೇ ಹೇಳುತ್ತೆ. ಯಾವ ಬಟನ್ ದುಡ್ಡು ಕಳಿಸುತ್ತೆ, ಯಾವುದು ರದ್ದು ಮಾಡುತ್ತೆ ಅಂತ ಕಾಣದವರು ಊಹೆ ಮೇಲೆ ಒತ್ತಬೇಕು.

ಎರಡನೆಯದು ಭದ್ರತೆ. ಕಣ್ಣು ಮಿಟುಕಿಸೋ ಪರೀಕ್ಷೆ ಇಲ್ಲದಿದ್ರೆ ನಕಲಿ ಖಾತೆ ಹೆಚ್ಚಾಗಲ್ವಾ ಅನ್ನೋದು. ಈ ಆತಂಕ ಸುಳ್ಳಲ್ಲ. ಆದರೆ ಪರೀಕ್ಷೆಯೇ ಬೇಡ ಅಂತ ಕೋರ್ಟ್ ಹೇಳಿಲ್ಲ, ಬೇರೆ ದಾರಿಯೂ ಇಡಿ ಅಂದಿದೆ. ಒಂದು ಬಾಗಿಲಿಗೆ ಬೀಗ ಹಾಕಿದರೆ ತಪ್ಪಲ್ಲ, ಆ ಮನೆಯವರಿಗೇ ಒಳಗೆ ಹೋಗೋಕೆ ಬಾರದಿದ್ರೆ ತಪ್ಪು. ಪಿನ್ ಬೇರೆಯವರಿಗೆ ಹೇಳಲೇಬೇಕಾದ ಸ್ಕ್ರೀನಿಗಿಂತ ಅಭದ್ರವಾದದ್ದು ಇನ್ನೇನಿದೆ?

ಕಾನೂನು ಬರಿಗೈಯಲ್ಲಿಲ್ಲ

2016ರ ಕಾಯ್ದೆಯ 46ನೇ ಸೆಕ್ಷನ್ ಸರ್ಕಾರಿ, ಖಾಸಗಿ ಎರಡೂ ಕಡೆಯ ಸೇವೆ ಎಲ್ಲರಿಗೂ ಸಿಗಬೇಕು ಅನ್ನುತ್ತೆ. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ ಇದೆ. ನಿಯಮಗಳು ಮಾತ್ರ ಬಹುಕಾಲ ಸಲಹೆಯ ರೂಪದಲ್ಲೇ ಇದ್ದವು. 2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ತೋರಿಸಿ, ಪಾಲಿಸಲೇಬೇಕಾದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಅದಾಗಿ ಐದೂವರೆ ತಿಂಗಳಿಗೆ ಬಂದ ಕೆವೈಸಿ ತೀರ್ಪು ಅದೇ ದಾರಿಯ ಮುಂದಿನ ಹೆಜ್ಜೆ.

ಕೆಲಸ ಆಗದೇ ವಾಪಸ್ ಬಂದವರಿಗೆ ದಾರಿ ಇದೆ. ಬ್ಯಾಂಕಿನಲ್ಲಿ ಕೆವೈಸಿ ಆಗಲ್ಲ ಅಂದರೆ ಬಾಯಿಮಾತಿಗೆ ಬಿಡದೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ರೆ, ಬಂದ ಉತ್ತರ ಸರಿ ಅನಿಸದಿದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ವಿಕಲಚೇತನರು ರಾಜ್ಯ ಆಯುಕ್ತರಿಗೂ ದೂರು ಕೊಡಬಹುದು. ಅರ್ಜಿ ಬರೆಯೋಕೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕು ಮಟ್ಟದ ಎಂಆರ್‌ಡಬ್ಲ್ಯು ಅವರನ್ನು ಕೇಳಬಹುದು. ಪಡಿತರಕ್ಕೆ ಹೆಬ್ಬೆಟ್ಟು ಹಿಡಿಯದಿದ್ರೆ ‘ಮುಂದಿನ ತಿಂಗಳು ಬನ್ನಿ’ ಅನ್ನೋ ಮಾತಿಗೆ ಸುಮ್ಮನೆ ವಾಪಸ್ ಬರಬಾರದು, ಬೇರೆ ದಾರಿ ಏನಿದೆ ಅಂತ ಅಲ್ಲೇ ಕೇಳಬೇಕು.

ಆ್ಯಪ್ ಹೇಗಿದೆ ಅಂತ ತಿಳಿಯೋಕೆ ಎಂಜಿನಿಯರೇ ಆಗಬೇಕಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಸೆಸಿಬಿಲಿಟಿ’ ಅನ್ನೋ ಕಡೆ ‘ಟಾಕ್‌ಬ್ಯಾಕ್’ ಇದೆ. ಆನ್ ಮಾಡಿದ ಮೇಲೆ ಒಂದು ಸಲ ಮುಟ್ಟಿದರೆ ಓದಿ ಹೇಳುತ್ತೆ, ಎರಡು ಸಲ ತಟ್ಟಿದರೆ ತೆರೆಯುತ್ತೆ. ಕಣ್ಣು ಮುಚ್ಚಿ ಕರೆಂಟ್ ಬಿಲ್ ಕಟ್ಟೋಕೆ ಆಗುತ್ತಾ ಅಂತ ಒಮ್ಮೆ ನೋಡಿದರೆ ಸಾಕು. ಇಲಾಖೆಯ ಅಧಿಕಾರಿಗಳು ಹೊಸ ಆ್ಯಪ್ ಬಿಡುಗಡೆಗೆ ರಿಬ್ಬನ್ ಕತ್ತರಿಸೋ ಮೊದಲು ಇದೊಂದು ಪರೀಕ್ಷೆ ಮಾಡಲಿ. ಅದಕ್ಕಿಂತ ಒಳ್ಳೆಯದು, ಕಾಣದ ಒಬ್ಬರು, ಕೇಳದ ಒಬ್ಬರು, ಓದು ಬಾರದ ಒಬ್ಬರು, ಎಪ್ಪತ್ತು ದಾಟಿದ ಒಬ್ಬರನ್ನು ಕೂರಿಸಿ ಅವರ ಕೈಗೆ ಫೋನು ಕೊಡಲಿ. ವಿಕಲಚೇತನರನ್ನೇ ಸೇರಿಸಿಕೊಂಡು ಪರೀಕ್ಷೆ ಮಾಡಿ ಅಂತ ಕೋರ್ಟ್ ಕೂಡ ಹೇಳಿದೆ. ಅವರು ಎಡವಿದ ಕಡೆ ತಿದ್ದಬೇಕಾದ್ದು ಆ್ಯಪನ್ನ.